ತಟ್ಟೆಯ ಹಾಡು, ಚಪ್ಪರದ ಹಾಡು

ಧಾರವಾಡದಲ್ಲಿ ಓದುತ್ತಿದ್ದ ದಿನಗಳಲ್ಲಿ ಒಂದು ಕ್ಯಾಸೆಟ್ ಕೊಂಡಿದ್ದೆ. ಹಳೆಯ ಗ್ರಾಮೊಫೋನ್ ತಟ್ಟೆಗಳಿಂದ ಇಳಿಸಿದ ಹಾಡುಗಳು. ಅದರಲ್ಲಿ ಹಿರಿಯ ಗಾಯಕರೊಬ್ಬರ ಮೂರು ನಿಮಿಷದ ಖ್ಯಾಲ್ ಇತ್ತು. ದಿನಕ್ಕೆ ನಾಲ್ಕು ಸಲವಾದರೂ ಕೇಳುತ್ತಿದ್ದೆ. ತಾನುಗಳ ಚುರುಕಿಗೆ, ದನಿಯ ತೆಳುವಿಗೆ ಮರುಳಾಗಿ ಕಾಲೇಜಿನ ಸಂಚಿಕೆಗೆ ಒಂದು ಲೇಖನವನ್ನೂ ಬರೆದೆ. ಆ ಕಾಲದವರ ಲಯ ಇಷ್ಟು ಚುರುಕಾಗಿತ್ತು, ಈಗಿನವರು ಎಳೆಯುತ್ತಾರೆ ಎಂಬುದು ನನ್ನ ತೀರ್ಪು. ನಮ್ಮ ಓಣಿಯಲ್ಲಿ ಒಬ್ಬ ಹಿರಿಯ ರಸಿಕರಿದ್ದರು. ಆ ಗಾಯಕರನ್ನು ಎದುರಿಗೆ ಕೂತು ಎಷ್ಟೋ ಬೈಠಕ್‌ಗಳಲ್ಲಿ ಕೇಳಿದವರು. ಲೇಖನ ಓದಿದ ಮೇಲೆ ಕ್ಯಾಸೆಟ್ ತರಿಸಿಕೊಂಡು ಕೇಳಿದರು. ಅರ್ಧ ನಿಮಿಷ ಆಗಿರಲಿಲ್ಲ, "ಇದು ಅವರ ದನಿ ಅಲ್ಲೋ ತಮ್ಮಾ, ಮಷೀನು ಜೋರ ಓಡಾಕತ್ತೈತಿ" ಎಂದರು.

ಮಂಚದ ಕೆಳಗಿನ ಪೆಟ್ಟಿಗೆಯಿಂದ ಅದೇ ಹಾಡಿನ ಮೂಲ ತಟ್ಟೆ ಹೊರಗೆ ಬಂತು. ಆ ಗಾಯಕರ ಷಡ್ಜ ಕಾಳಿ ಒಂದು ಎಂಬುದು ಅವರಿಗೆ ಗೊತ್ತಿತ್ತು. ತಂಬೂರಿಯನ್ನು ಕಾಳಿ ಒಂದಕ್ಕೆ ಕೂಡಿಸಿ ನನ್ನ ಕೈಗೆ ಕೊಟ್ಟು ಮೀಟುತ್ತಿರು ಎಂದರು. ತಾವು ಗ್ರಾಮೊಫೋನಿನ ವೇಗದ ತಿರುಪನ್ನು ಒಂದಿಷ್ಟೊಂದಿಷ್ಟೇ ತಿರುಗಿಸುತ್ತ ಹೋದರು. ಮೊದಲು ದನಿ ತಂಬೂರಿಗಿಂತ ಮೇಲೆ ಎಲ್ಲೋ ಇತ್ತು. ಇಳಿಯುತ್ತ ಇಳಿಯುತ್ತ ಒಂದು ಕಡೆ ಬಂದು ತಂಬೂರಿಯೊಳಗೆ ಕೂತುಬಿಟ್ಟಿತು. ಕ್ಯಾಸೆಟ್ಟಿನಲ್ಲಿ ಅದೇ ಷಡ್ಜ ಬಿಳಿ ಎರಡಕ್ಕೆ ಏರಿತ್ತು, ಅಂದರೆ ಅರ್ಧ ಮನೆ ಮೇಲಕ್ಕೆ. ವೇಗ ನೂರಕ್ಕೆ ಆರರಷ್ಟು ಹೆಚ್ಚಾದರೆ ಶ್ರುತಿ ಅರ್ಧ ಮನೆ ಏರುತ್ತದೆ, ಮೂರು ನಿಮಿಷದ ಹಾಡಿನಲ್ಲಿ ಸುಮಾರು 10 ಸೆಕೆಂಡು ಕರಗುತ್ತದೆ. ನಾನು ಮೆಚ್ಚಿದ ಚುರುಕು, ನಾನು ಮೆಚ್ಚಿದ ತೆಳುವು ಎರಡರಲ್ಲೂ ಒಂದು ಪಾಲು ಆ ಗಾಯಕರದಾಗಿರಲೇ ಇಲ್ಲ. ತಿರುಪು ಸರಿಹೋದ ಮೇಲೆ ಕೇಳಿದ ದನಿ ಇನ್ನೂ ತುಂಬಿಕೊಂಡಿತ್ತು, ತಾನಿನ ಒಂದೊಂದು ಸ್ವರಕ್ಕೂ ತೂಕವಿತ್ತು. ನನ್ನ ತೀರ್ಪು ಆ ಗಾಯಕರಿಗೂ ಅನ್ಯಾಯ, ನಾನು ಹೋಲಿಸಿ ಹಳಿದ ಈಗಿನವರಿಗೂ ಅನ್ಯಾಯ.

ಶಾಸ್ತ್ರೀಯ ಸಂಗೀತವನ್ನು ವಿಮರ್ಶೆಯ ಕಿವಿಯಿಂದ ಕೇಳುವುದು ಎಂದರೇನು ಎಂಬ ಪ್ರಶ್ನೆಗೆ ನಾನು ಇಂದಿಗೂ ಆ ಸಂಜೆಯಿಂದಲೇ ಉತ್ತರ ಹುಡುಕುತ್ತೇನೆ. ನಮ್ಮ ಕಿವಿಗೆ ಬೀಳುವ ನಾದದಲ್ಲಿ ಕಲಾವಿದರ ಕೈವಾಡ ಒಂದು ಪಾಲು ಮಾತ್ರ. ಯಂತ್ರದ್ದು ಒಂದು ಪಾಲು, ಸಭಾಂಗಣದ್ದು ಒಂದು ಪಾಲು, ನಾವು ಮೊದಲೇ ಕಿವಿಯಲ್ಲಿ ತುಂಬಿಕೊಂಡು ಬಂದದ್ದು ಮತ್ತೊಂದು ಪಾಲು. ಇವನ್ನು ಬೇರೆ ಮಾಡಿ ಕಾಣುವ ಮೊದಲೇ ಚೆನ್ನಾಗಿದೆ, ಚೆನ್ನಾಗಿಲ್ಲ ಎನ್ನುವುದು ಅವಸರದ ಮಾತು. ಧ್ವನಿಮುದ್ರಿಕೆ ಕಛೇರಿಯ ನಕಲು ಎಂದು ತಿಳಿಯುವುದು ಈ ಅವಸರದ ಮೂಲ. ಅವು ಎರಡು ಬೇರೆ ವಸ್ತುಗಳು. ಒಂದಕ್ಕೆ ಕೇಳಬೇಕಾದ ಪ್ರಶ್ನೆಯನ್ನು ಇನ್ನೊಂದಕ್ಕೆ ಕೇಳಿದರೆ ಉತ್ತರ ತಪ್ಪಾಗಿಯೇ ಬರುತ್ತದೆ.

ಭಾರತದಲ್ಲಿ ಈ ಎರಡು ವಸ್ತುಗಳು ಬೇರೆಯಾದದ್ದು 1902ರಲ್ಲಿ. ಗ್ರಾಮೊಫೋನ್ ಕಂಪನಿಯ ಫ್ರೆಡ್ ಗೈಸ್‌ಬರ್ಗ್ ಕಲ್ಕತ್ತೆಗೆ ಬಂದು, ಹೋಟೆಲಿನ ಕೋಣೆಯಲ್ಲೇ ಯಂತ್ರ ಹೂಡಿ, ಆ ವರ್ಷದ ನವೆಂಬರಿನಲ್ಲಿ ಗೌಹರ್ ಜಾನ್ ಅವರ ಹಾಡುಗಳನ್ನು ಮುದ್ರಿಸಿಕೊಂಡ. ಹಾಡು ಮುಗಿದ ಕೂಡಲೇ ಆಕೆ ಇಂಗ್ಲಿಷಿನಲ್ಲಿ ತಮ್ಮ ಹೆಸರು ಹೇಳುತ್ತಾರೆ. ಅದು ಠೀವಿಯ ಮಾತಿನಂತೆ ಕೇಳಿದರೂ ಕಾರಣ ಬೇರೆ. ತಟ್ಟೆಗಳು ಅಚ್ಚಾಗುತ್ತಿದ್ದದ್ದು ಜರ್ಮನಿಯ ಹ್ಯಾನೋವರ್‌ನಲ್ಲಿ. ಯಾರ ಹಾಡು ಎಂಬುದು ಅಲ್ಲಿಯ ಕೆಲಸಗಾರರಿಗೆ ತಿಳಿಯಲಿ ಎಂದು ಹೆಸರು ಕೂಗಿಸುತ್ತಿದ್ದರು. ಇಂದು ಕೇಳುವ ನಮಗೆ ಆ ಕೂಗಿನಿಂದ ಮತ್ತೊಂದು ಉಪಕಾರವಿದೆ. ಹಾಡುವ ದನಿಯ ಎತ್ತರವನ್ನು ಊಹಿಸುವುದು ಕಷ್ಟ, ಮಾತಾಡುವ ದನಿ ಸಹಜವಾಗಿದೆಯೇ ಇಲ್ಲವೇ ಎಂಬುದು ಯಾರಿಗೂ ಹೊಳೆಯುತ್ತದೆ. ಆ ಮಾತು ಕೀಚಲಾಗಿ ಕೇಳಿದರೆ ಹಾಡೂ ವೇಗವಾಗಿ ಓಡುತ್ತಿದೆ ಎಂದೇ ಅರ್ಥ. ಗೌಹರ್ ಜಾನ್ ಅವರ ಕೊನೆಯ ದಿನಗಳು ಕಳೆದದ್ದು ನಮ್ಮ ಮೈಸೂರಿನಲ್ಲಿ. 1928ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಆಸ್ಥಾನಕ್ಕೆ ಬಂದವರು 1930ರ ಜನವರಿಯಲ್ಲಿ ಅಲ್ಲೇ ತೀರಿಕೊಂಡರು.

ಆಗ ಮೈಕ್ ಇರಲಿಲ್ಲ. ಗಾಯಕರು ದೊಡ್ಡ ಕಹಳೆಯೊಂದರ ಬಾಯಿಗೆ ಮುಖ ಕೊಟ್ಟು ಹಾಡಬೇಕು, ಆ ಕಂಪನವೇ ಮೇಣದ ತಟ್ಟೆಯನ್ನು ಕೊರೆಯಬೇಕು. ಕಹಳೆಗೆ ತೀರ ಕೆಳಗಿನ ನಾದವೂ ತೀರ ಮೇಲಿನ ನಾದವೂ ಕೇಳಿಸುತ್ತಿರಲಿಲ್ಲ. ಹಾಗಾಗಿ ಆ ಕಾಲದ ತಟ್ಟೆಗಳಲ್ಲಿ ತಂಬೂರಿ ಇಲ್ಲವೆನ್ನುವಷ್ಟು ಕಡಿಮೆ, ತಬಲಾದ ಎಡದ ಗುಮುಕು ಇಲ್ಲ, ಕಂಠದ ಸುತ್ತ ಇರಬೇಕಾದ ಹೊಳಪೂ ಇಲ್ಲ. 1925ರಲ್ಲಿ ವಿದ್ಯುತ್ ಧ್ವನಿಮುದ್ರಣ ಬಂದ ಮೇಲೆ ಮೈಕ್ ಮುಂದೆ ಮೆಲ್ಲಗೆ ಹಾಡುವುದು ಸಾಧ್ಯವಾಯಿತು. 1910ರ ತಟ್ಟೆಯ ಗಾಯಕಿಯ ದನಿ ಒರಟು, 1935ರ ಗಾಯಕಿಯದು ನವಿರು ಎಂದು ಹೋಲಿಸುವವರು ಎರಡು ದನಿಗಳನ್ನಲ್ಲ, ಒಂದು ಕಹಳೆಯನ್ನೂ ಒಂದು ಮೈಕನ್ನೂ ಹೋಲಿಸುತ್ತಿರಬಹುದು.

ಎಲ್ಲಕ್ಕಿಂತ ದೊಡ್ಡ ಕಟ್ಟುಪಾಡು ಸಮಯದ್ದು. ಹತ್ತು ಇಂಚಿನ ತಟ್ಟೆಯ ಒಂದು ಬದಿಗೆ ಸುಮಾರು ಮೂರು ನಿಮಿಷ, ಹನ್ನೆರಡು ಇಂಚಿನದಕ್ಕೆ ನಾಲ್ಕು ನಿಮಿಷ ಚಿಲ್ಲರೆ. ಬೈಠಕ್‌ನಲ್ಲಿ ಒಂದು ಗಂಟೆ ಬೆಳೆಯುವ ರಾಗ ಇಷ್ಟರಲ್ಲಿ ಮುಗಿಯಬೇಕು. ಇದನ್ನು ಬರಿಯ ನಷ್ಟವೆಂದು ಬರೆಯುವವರು ಬಹಳ ಮಂದಿ. ನಾನು ಒಪ್ಪುವುದಿಲ್ಲ. ಅಬ್ದುಲ್ ಕರೀಮ್ ಖಾನರು 1930ರ ದಶಕದಲ್ಲಿ, ತಮ್ಮ ಕೊನೆಯ ವರ್ಷಗಳಲ್ಲಿ, ಮುದ್ರಿಸಿದ ತಟ್ಟೆಗಳನ್ನು ಕೇಳಿ. ಅವಸರವೆಂಬುದೇ ಇಲ್ಲ. ಮೂರು ನಿಮಿಷವಿದೆ ಎಂದು ಮೂವತ್ತು ನಿಮಿಷದ್ದನ್ನು ತುರುಕುವುದಿಲ್ಲ, ಆ ಮೂರು ನಿಮಿಷಕ್ಕೆ ಎಷ್ಟು ಬೇಕೋ ಅಷ್ಟನ್ನೇ ಆರಿಸುತ್ತಾರೆ. ಗದಗಿನ ಹುಡುಗ ಭೀಮಸೇನ ಜೋಶಿಯವರನ್ನು ಗುರುವನ್ನು ಹುಡುಕಿಕೊಂಡು ಮನೆ ಬಿಟ್ಟು ಹೋಗುವಂತೆ ಮಾಡಿದ್ದು ಖಾನರ ಝಿಂಝೋಟಿ ಠುಮರಿಯ ತಟ್ಟೆ ಎಂಬ ಕಥೆ ನಮ್ಮ ಕಡೆ ಎಲ್ಲರ ಬಾಯಲ್ಲೂ ಇದೆ. ಬಾಲಕ ಕುಮಾರ ಗಂಧರ್ವರು ದೊಡ್ಡವರ ತಟ್ಟೆಗಳನ್ನು ಕೇಳಿ ಹಾಗೆಯೇ ಹಾಡಿ ತೋರಿಸುತ್ತಿದ್ದರು. ಮೂರು ನಿಮಿಷದ ತಟ್ಟೆಗೆ ಅಷ್ಟು ಕಸುವಿತ್ತು. ವಿಮರ್ಶೆಯ ಕಿವಿ ಅಲ್ಲಿ ಕೇಳಬೇಕಾದ್ದು, ಏನನ್ನು ಬಿಟ್ಟರು, ಬಿಟ್ಟ ಮೇಲೂ ರಾಗ ನಿಂತಿತೇ ಎಂಬುದನ್ನು. ವಿಸ್ತಾರ ಸಾಲದು ಎಂಬ ದೂರನ್ನು ತಟ್ಟೆಯ ಮೇಲೆ ಹೊರಿಸಬಹುದು, ಗಾಯಕರ ಮೇಲೆ ಹೊರಿಸಲಾಗದು.

ಇದೇ ಮಾತನ್ನು ಮಲ್ಲಿಕಾರ್ಜುನ ಮನ್ಸೂರರ ವಿಷಯದಲ್ಲಿ ಇನ್ನಷ್ಟು ಒತ್ತಿ ಹೇಳಬೇಕು. 1910ರಲ್ಲಿ ಹುಟ್ಟಿದ ಅವರು ಮೊದಲು ಕಲಿತದ್ದು ನೀಲಕಂಠಬುವಾ ಅಲೂರಮಠರಲ್ಲಿ, ಗ್ವಾಲಿಯರ್ ಪದ್ಧತಿಯನ್ನು. ಆಮೇಲೆ ಜೈಪುರ್ ಅತ್ರೌಲಿಯ ಮಂಜಿ ಖಾನರಲ್ಲಿ, ಅವರು ತೀರಿಕೊಂಡ ಮೇಲೆ ಭುರ್ಜಿ ಖಾನರಲ್ಲಿ. ಯೌವನದ ತಟ್ಟೆಗಳಲ್ಲಿ ಹಾಡುವವನು ಹುರುಪಿನ, ತಾನುಗಳ ಮೇಲೆ ಪ್ರೀತಿಯಿರುವ ಹುಡುಗ. ಅರವತ್ತು, ಎಪ್ಪತ್ತರ ವಯಸ್ಸಿನ ಧ್ವನಿಮುದ್ರಿಕೆಗಳಲ್ಲಿ ಹಾಡುವವರು ಬೇರೆಯೇ ಒಬ್ಬರು. ಅಲ್ಲಿ ಆಲಾಪ, ಬೋಲ್, ತಾನ್ ಎಂದು ಗೆರೆ ಎಳೆದು ಬೇರೆ ಮಾಡಲು ಬರುವುದಿಲ್ಲ. ಸ್ವರ ಎಲ್ಲಿ ಮುಗಿದು ಲಯ ಎಲ್ಲಿ ಶುರುವಾಯಿತು ಎಂದು ತಿಳಿಯದ ಹಾಗೆ ಒಂದು ಆವರ್ತ ಇನ್ನೊಂದರೊಳಕ್ಕೆ ಹೆಣೆದುಕೊಂಡು, ನೀವು ಕಾಯದಿದ್ದ ಮೂಲೆಯಿಂದ ಸಮ್ ಬಂದುಬಿಡುತ್ತದೆ. ತಮ್ಮ ಆತ್ಮಕಥೆಗೆ ಅವರು 'ನನ್ನ ರಸಯಾತ್ರೆ' ಎಂದು ಹೆಸರಿಟ್ಟರು. ಯಾತ್ರೆ ಎಂಬ ಮಾತನ್ನು ಕೇಳುಗರೂ ನಂಬಬೇಕು. ಒಂದೇ ತಟ್ಟೆ ಕೇಳಿ ಮನ್ಸೂರರು ಹೀಗೆ ಎನ್ನುವುದು, ಒಂದು ಊರಿನ ನಿಲ್ದಾಣ ನೋಡಿ ದಾರಿಯನ್ನೆಲ್ಲ ಕಂಡೆ ಎಂದ ಹಾಗೆ.

ಗಂಗೂಬಾಯಿ ಹಾನಗಲ್ಲರ ಮೊದಲ ತಟ್ಟೆಗಳು ಹೊಸ ಕೇಳುಗರನ್ನು ಇನ್ನೂ ಹೆಚ್ಚು ಗಲಿಬಿಲಿಗೊಳಿಸುತ್ತವೆ. 1930ರ ದಶಕದಲ್ಲಿ 'ಗಾಂಧಾರಿ' ಎಂಬ ಹೆಸರಿನಲ್ಲಿ ಬಂದ ಆ ತಟ್ಟೆಗಳಲ್ಲಿ ದನಿ ಎತ್ತರದ್ದು, ಎಳೆಯದು. ನಾವೆಲ್ಲ ಬಲ್ಲ ಆ ಗಂಭೀರ, ಗಂಡುಮೆಟ್ಟಿನ ಕಂಠ ಬಂದದ್ದು ಗಂಟಲಿನ ಚಿಕಿತ್ಸೆಯ ನಂತರ. ಇದು ಗೊತ್ತಿಲ್ಲದವರು ತಟ್ಟೆ ವೇಗವಾಗಿ ಓಡುತ್ತಿದೆ ಎಂದು ತಿರುಪು ತಿರುಗಿಸಲು ಹೋದಾರು. ನನ್ನ ಕ್ಯಾಸೆಟ್ಟಿನಲ್ಲಿ ಯಂತ್ರದ ತಪ್ಪನ್ನು ಗಾಯಕರ ಗುಣವೆಂದು ತಿಳಿದಿದ್ದೆ. ಇಲ್ಲಿ ಗಾಯಕಿಯ ಬದುಕಿನ ಸಂಗತಿಯನ್ನು ಯಂತ್ರದ ತಪ್ಪೆಂದು ತಿಳಿಯುವ ಅಪಾಯವಿದೆ. ಕಿವಿ ಎಷ್ಟೇ ಸೂಕ್ಷ್ಮವಾಗಿರಲಿ, ಅದೊಂದೇ ಸಾಲದು. ಚರಿತ್ರೆಯನ್ನೂ ಓದಿಕೊಂಡಿರಬೇಕು.

ರೇಡಿಯೋದ ಟೇಪುಗಳಿಗೂ ಈ ಮಾತು ಸಲ್ಲುತ್ತದೆ. ಆಕಾಶವಾಣಿ ಸಂಗ್ರಹದ ಹಳೆಯ ಖ್ಯಾಲುಗಳನ್ನು ಕೇಳುವ ಗೆಳೆಯರೊಬ್ಬರು ಆಗಿನ ದೊಡ್ಡವರು ಹಾರ್ಮೋನಿಯಂ ಸಾಥಿಯನ್ನು ದೂರವಿಡುತ್ತಿದ್ದರು, ಅದು ಅವರ ಶುದ್ಧ ಅಭಿರುಚಿ ಎಂದು ವಾದಿಸುತ್ತಿದ್ದರು. ಅಭಿರುಚಿಯ ಮಾತಲ್ಲ ಅದು. 1940ರಲ್ಲಿ ಆಕಾಶವಾಣಿ ಹಾರ್ಮೋನಿಯಂ ಅನ್ನು ನಿಷೇಧಿಸಿತು, ಸುಮಾರು ಮೂರು ದಶಕ ಆ ನಿಷೇಧ ಉಳಿಯಿತು. ಅದೇ ಗಾಯಕರು ಅದೇ ವಾರ ಊರಿನ ಬೈಠಕ್‌ನಲ್ಲಿ ಹಾರ್ಮೋನಿಯಂ ಜೊತೆ ಹಾಡಿರಬಹುದು. ರೇಡಿಯೋ ಟೇಪಿನ ರಾಗ ಇದ್ದಕ್ಕಿದ್ದಂತೆ ದ್ರುತಕ್ಕೆ ಹಾರಿದರೆ ಅಲ್ಲಿ ಕಲಾವಿದರ ಕಲ್ಪನೆಗಿಂತ ಸ್ಟುಡಿಯೋದ ಗಡಿಯಾರ ಕೆಲಸ ಮಾಡಿರುವುದೂ ಉಂಟು.

1948ರಲ್ಲಿ ಅಮೆರಿಕದಲ್ಲಿ ಬಂದ ಎಲ್‌ಪಿ ಒಂದು ಬದಿಗೆ ಇಪ್ಪತ್ತು ನಿಮಿಷಕ್ಕೂ ಹೆಚ್ಚು ಜಾಗ ಕೊಟ್ಟಿತು. ನಮ್ಮ ಸಂಗೀತಕ್ಕೆ ಇದರಿಂದ ಆದ ಲಾಭ ಯಾವುದು ಎಂದು ಯಾರಾದರೂ ಕೇಳಿದರೆ ನಾನು ಉಸ್ತಾದ್ ಅಮೀರ್ ಖಾನರ ಮಾರ್ವಾ ಕೇಳಿಸುತ್ತೇನೆ. ಈ ರಾಗವನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಕೋಮಲ ರಿಷಭ, ತೀವ್ರ ಮಧ್ಯಮ, ಪಂಚಮ ಇಲ್ಲ. ಪೂರಿಯಾಗೂ ಇವೇ ಸ್ವರಗಳು, ಸೋಹನಿಗೂ ಇವೇ. ಕರ್ನಾಟಕ ಸಂಗೀತದ ಹಂಸಾನಂದಿ ಬಲ್ಲವರಿಗೆ ಸೋಹನಿ ಹತ್ತಿರದ ನೆಂಟ. ಮೂರಕ್ಕೂ ಸ್ವರಗಳು ಒಂದೇ ಆದರೂ ಕೇಳಿದರೆ ಮೂರು ಬೇರೆ ಹೊತ್ತಿನ ಬೆಳಕು. ಪೂರಿಯಾ ಗಾಂಧಾರ ನಿಷಾದಗಳ ಮೇಲೆ ನಿಂತು ಕೆಳಗಿನ ಸ್ಥಾಯಿಗೆ ಇಳಿಯುತ್ತದೆ. ಸೋಹನಿ ಮೇಲಿನ ಷಡ್ಜದ ಸುತ್ತ ಮಿಂಚುತ್ತದೆ. ಮಾರ್ವಾದಲ್ಲಿ ರಿಷಭ ಮತ್ತು ಧೈವತ ಆಳುತ್ತವೆ, ಷಡ್ಜವನ್ನು ಬೇಕೆಂದೇ ತಪ್ಪಿಸಿಕೊಂಡು ತಿರುಗುತ್ತಾರೆ.

ಖಾನರು ಇದನ್ನು ಝೂಮ್ರಾದ ಹದಿನಾಲ್ಕು ಮಾತ್ರೆಗಳ ಅತಿ ವಿಲಂಬಿತದಲ್ಲಿ ಹರಡುತ್ತಾರೆ. ಕಣ್ಣು ಮುಚ್ಚಿ ಒಂದೇ ಕೆಲಸ ಮಾಡಿ: ಷಡ್ಜ ಯಾವಾಗ ಬರುತ್ತದೆ ಎಂದು ಕಾಯಿರಿ. ನಿಷಾದದಿಂದ ಹೊರಟ ದನಿ ಷಡ್ಜದ ಮನೆಯ ಮುಂದೆಯೇ ಹಾದು ರಿಷಭಕ್ಕೆ ಹೋಗಿ ನಿಲ್ಲುತ್ತದೆ. ಹಿಂತಿರುಗುವಾಗಲೂ ಧೈವತಕ್ಕೆ ಇಳಿದುಬಿಡುತ್ತದೆ. ಹಿಂದೆ ತಂಬೂರಿ ಷಡ್ಜವನ್ನೇ ನುಡಿಯುತ್ತಿರುವುದರಿಂದ ಆ ಬಾರದ ಸ್ವರ ನಮಗೆ ಪ್ರತಿ ಕ್ಷಣವೂ ಕೇಳಿಸುತ್ತಿರುತ್ತದೆ, ಗಾಯಕರ ಕಂಠದಲ್ಲಿ ಮಾತ್ರ ಇಲ್ಲ. ಎದೆಯಲ್ಲಿ ಒಂದು ಬಗೆಯ ತಳಮಳ ಹುಟ್ಟುತ್ತದೆ. ಕೊನೆಗೊಮ್ಮೆ ಷಡ್ಜ ಮುಟ್ಟಿದಾಗ ಬಿಗಿಹಿಡಿದ ಉಸಿರು ತಾನಾಗಿ ಬಿಡುತ್ತದೆ. ಇದು ಮೂರು ನಿಮಿಷದ ತಟ್ಟೆಯಲ್ಲಿ ಆಗುವ ಕೆಲಸವಲ್ಲ, ಕಾಯುವುದಕ್ಕೆ ಸಮಯ ಬೇಕು. ಧ್ವನಿಮುದ್ರಿಕೆಯ ಉಪಕಾರ ಎಂದರೆ ಇದನ್ನು ಹತ್ತು ಸಲ ಕೇಳಬಹುದು. ಮೊದಲ ಸಲ ತಳಮಳ ಮಾತ್ರ ತಿಳಿಯುತ್ತದೆ, ಐದನೆಯ ಸಲಕ್ಕೆ ಅದು ಎಲ್ಲಿಂದ ಬಂತು ಎಂಬುದು ತಿಳಿಯುತ್ತದೆ. ತಿಳಿದ ಮೇಲೆ ರುಚಿ ಕೆಡುತ್ತದೆ ಎಂದು ಹೇಳುವವರಿದ್ದಾರೆ. ನನ್ನ ಅನುಭವದಲ್ಲಿ ಒಮ್ಮೆಯೂ ಹಾಗಾಗಿಲ್ಲ.

ಇಷ್ಟು ಹೇಳಿದ ಮೇಲೆ ತಂಬೂರಿಯ ಬಗ್ಗೆ ಎರಡು ಮಾತು ಹೇಳದೆ ಮುಂದೆ ಹೋಗಲಾರೆ. ಮಿರಜಿನ ಒಳ್ಳೆಯ ತಂಬೂರಿಯನ್ನು ಸರಿಯಾಗಿ ಕೂಡಿಸಿ, ಕುದುರೆಯ ಮೇಲೆ ದಾರವನ್ನು ಹದವಾಗಿ ಸರಿಸಿ ಜವಾರಿ ತೆರೆಸಿದರೆ, ಖರಜದ ತಂತಿಯಿಂದ ಯಾರೂ ಮೀಟದ ಒಂದು ಸ್ವರ ಮೇಲೇಳುತ್ತದೆ. ಅದು ಅಂತರ ಗಾಂಧಾರ. ಮೊದಲ ಸಲ ಕೇಳಿದವರು ಪಕ್ಕದಲ್ಲಿ ಯಾರೋ ಹಾಡುತ್ತಿದ್ದಾರೆ ಎಂದೇ ತಿಳಿಯುತ್ತಾರೆ. ಈ ಗಾಂಧಾರ ಕೇಳುವ ಕಿವಿಗೆ ಗಾಯಕರ ಗಾಂಧಾರ ಕೂಡಿತೇ ಇಲ್ಲವೇ ಎಂಬುದನ್ನು ಬೇರೆ ಯಾರೂ ಹೇಳಿಕೊಡಬೇಕಾಗಿಲ್ಲ. ಬೆಂಗಳೂರಿನ ಜಿ. ರಾಜ್ ನಾರಾಯಣ್ 1979ರಲ್ಲಿ ಎಲೆಕ್ಟ್ರಾನಿಕ್ ತಂಬೂರಿ ತಯಾರಿಸಿದ ಮೇಲೆ ಸಾವಿರಾರು ವಿದ್ಯಾರ್ಥಿಗಳಿಗೆ ಶ್ರುತಿ ಕೈಗೆ ಸಿಕ್ಕಿತು, ಅದು ಸಣ್ಣ ಉಪಕಾರವಲ್ಲ. ಆದರೂ ವಿಮರ್ಶೆಯ ಕಿವಿ ಬೇಕೆನ್ನುವವರು ತಿಂಗಳಿಗೊಮ್ಮೆಯಾದರೂ ನಿಜವಾದ ತಂಬೂರಿಯ ಬಳಿ ಕೂರಬೇಕು. ಇದೊಂದು ವಿಷಯದಲ್ಲಿ ನಾನು ರಾಜಿಯಾಗುವುದಿಲ್ಲ.

ಮೈಸೂರು ಸೀಮೆಯ ಕಡೆ ಬಂದರೆ ಪ್ರಶ್ನೆಗಳ ಬಣ್ಣ ಬೇರೆ. ತಿರುಮಕೂಡಲಿನ ಟಿ. ಚೌಡಯ್ಯನವರ ಪಿಟೀಲನ್ನು ಹಳೆಯ ಮುದ್ರಿಕೆಗಳಲ್ಲಿ ಕೇಳಿದ ಇಂದಿನ ಹುಡುಗರು ನಾದ ಗಡಸು ಎನ್ನುತ್ತಾರೆ. ಬಿಡಾರಂ ಕೃಷ್ಣಪ್ಪನವರ ಈ ಶಿಷ್ಯರು ನಾಲ್ಕು ತಂತಿಗೆ ಇನ್ನೂ ಮೂರು ಸೇರಿಸಿ ಏಳು ತಂತಿಯ ಪಿಟೀಲು ಮಾಡಿಕೊಂಡದ್ದೇಕೆ ಎಂದು ಕೇಳಿಕೊಂಡರೆ ಗಡಸಿನ ಅರ್ಥ ತೆರೆಯುತ್ತದೆ. ಧ್ವನಿವರ್ಧಕವಿಲ್ಲದ ಸಭೆಯಲ್ಲಿ ಕೊನೆಯ ಸಾಲಿನವರಿಗೂ ಪಿಟೀಲು ಕೇಳಬೇಕಿತ್ತು. ಆ ನಾದ ತಯಾರಾದದ್ದು ದೂರದ ಕಿವಿಗೆ. ಮೈಕ್ ಅದನ್ನು ಒಂದು ಮೊಳದ ಅಂತರದಿಂದ ಕೇಳಿಸಿಕೊಂಡಿದೆ. ದೇವಸ್ಥಾನದ ಗೋಪುರದ ಗಾರೆಗೊಂಬೆಯನ್ನು ಏಣಿ ಹತ್ತಿ ಹತ್ತಿರದಿಂದ ನೋಡಿದರೆ ಅದರ ಮೂಗು ಕಣ್ಣು ಒರಟಾಗಿಯೇ ಕಾಣುತ್ತವೆ.

ವೀಣೆಯದು ಇದಕ್ಕೆ ತಿರುಗುಮುರುಗಾದ ಕಥೆ. ವೀಣೆ ಶೇಷಣ್ಣನವರಿಂದ ದೊರೆಸ್ವಾಮಿ ಅಯ್ಯಂಗಾರರವರೆಗೆ ಬಂದ ಮೈಸೂರು ಬಾನಿಯಲ್ಲಿ ಮೀಟಿನ ಸ್ಪಷ್ಟತೆಗೆ ಮರ್ಯಾದೆ ಹೆಚ್ಚು. ಮೀಟು, ಅದು ಅರಳುವುದು, ಆರುವುದು, ಆಮೇಲಿನ ಮೌನ, ಇಷ್ಟೂ ಸೇರಿ ಒಂದು ಸ್ವರ. ವೀಣೆಯ ಮೈಗೇ ಅಂಟಿಸುವ ಮೈಕ್ ಹಾಕಿ ದನಿ ಹೆಚ್ಚಿಸಿದರೆ ಆ ಆರುವ ಭಾಗ ಆರದೆ ಉದ್ದಕ್ಕೂ ಎಳೆದುಕೊಂಡು ಹೋಗುತ್ತದೆ. ಬಾನಿಯ ಗುರುತೇ ಮಾಸುತ್ತದೆ. ದೊಡ್ಡ ಸಭೆಯಲ್ಲಿ ಬೇರೆ ದಾರಿಯಿಲ್ಲ ಎಂಬ ವೈಣಿಕರ ಕಷ್ಟವೂ ನಿಜ. ಹಾಗಾಗಿ ವೀಣೆಯ ಮಟ್ಟಿಗೆ ನಾನು ಚಿಕ್ಕ ಕೋಣೆಯನ್ನೂ ಒಳ್ಳೆಯ ಧ್ವನಿಮುದ್ರಿಕೆಯನ್ನೂ ದೊಡ್ಡ ಸಭೆಗಿಂತ ಮೇಲೆ ಇಡುತ್ತೇನೆ.

ಕಛೇರಿಯನ್ನು ಧ್ವನಿಮುದ್ರಿಕೆ ಎಂದೂ ಮುಟ್ಟದ ಕೆಲವು ಕಡೆಗಳಿವೆ. ಬೆಂಗಳೂರಿನ ಚಾಮರಾಜಪೇಟೆಯಲ್ಲಿ ಶ್ರೀರಾಮಸೇವಾ ಮಂಡಳಿ 1939ರಿಂದ ನಡೆಸಿಕೊಂಡು ಬಂದಿರುವ ರಾಮನವಮಿ ಸಂಗೀತೋತ್ಸವವನ್ನೇ ನೋಡಿ. ಕೋಟೆ ಹೈಸ್ಕೂಲಿನ ಮೈದಾನದ ಚಪ್ಪರದಲ್ಲಿ, ಹೊರಗೆ ಬಸ್ಸಿನ ಹಾರನ್ ಕೇಳುತ್ತಿರುವಾಗ, ಗಾಯಕರು ಎಲ್ಲ ಅಡ್ಡಿಗಳ ನಡುವೆ ತೋಡಿ ಎತ್ತಿಕೊಳ್ಳುತ್ತಾರೆ. ಪಿಟೀಲಿನವರು ಗಾಯಕರ ಬಾಯಿಂದ ಬಂದ ಪ್ರಯೋಗವನ್ನು ಅರೆಕ್ಷಣ ಹಿಂದೆ ಹಿಡಿದು ಹಿಂತಿರುಗಿಸುತ್ತಾರೆ. ನೆರವಲಿನಲ್ಲಿ ಸಾಹಿತ್ಯದ ಸಾಲು ಪ್ರತಿ ಸಲ ಎಡಪಿಗೆ ಸರಿಯಾಗಿ ಬಂದು ಕೂರುವಾಗ ಮುಂದಿನ ಸಾಲಿನ ಹತ್ತಾರು ಕೈಗಳು ತೊಡೆಯ ಮೇಲೆ ತಾಳ ಹಾಕುತ್ತಿರುತ್ತವೆ. ಎಲ್ಲೋ ಒಂದು ಕಡೆ ಗಾಯಕರು ಲೆಕ್ಕ ತಪ್ಪಿದರೆ ಆ ಕೈಗಳು ತಡವರಿಸುತ್ತವೆ, ಮೃದಂಗದವರು ಒಂದು ಸೊಲ್ಲು ಮುರಿದು ಅವರನ್ನು ದಡ ಸೇರಿಸುತ್ತಾರೆ. ಈ ಪಾರುಮಾಡುವ ಕ್ಷಣದಲ್ಲಿ ಪಕ್ಕವಾದ್ಯದ ಯೋಗ್ಯತೆ ಗೊತ್ತಾಗುವಷ್ಟು ಇಡೀ ತನಿ ಆವರ್ತನದಲ್ಲಿ ಗೊತ್ತಾಗುವುದಿಲ್ಲ. ಸ್ಟುಡಿಯೋದಲ್ಲಿ ಅದನ್ನು ಅಳಿಸಿ ಮತ್ತೆ ಹಾಡುತ್ತಾರೆ.

ಅದೇ ಚಪ್ಪರದಲ್ಲಿ ಸಿಗದ ವಸ್ತುಗಳೂ ಇವೆ. ತೋಡಿಯ ಸಾಧಾರಣ ಗಾಂಧಾರ ಒಂದು ಬಿಂದುವಿನಲ್ಲಿ ನಿಲ್ಲುವ ಸ್ವರವಲ್ಲ, ರಿಷಭ ಮಧ್ಯಮಗಳ ನಡುವೆ ತೂಗುವ ಗಮಕವೇ ಅದರ ರೂಪ. ಆ ತೂಗು ಎಷ್ಟು ಅಗಲ, ಎಷ್ಟು ನಿಧಾನ ಎಂಬುದರಲ್ಲಿ ಒಬ್ಬ ವಿದ್ವಾಂಸರ ತೋಡಿ ಇನ್ನೊಬ್ಬರದಕ್ಕಿಂತ ಬೇರೆಯಾಗುತ್ತದೆ. ಮೃದಂಗದ ಮೈಕ್ ಜೋರಾಗಿ, ಸ್ಪೀಕರ್ ಕಿವಿಯ ಪಕ್ಕದಲ್ಲೇ ಗುಂಯ್ ಎನ್ನುತ್ತಿರುವಾಗ ಅದು ತಿಳಿಯುವುದು ಹೇಗೆ? ಸಾವಿರ ಜನರ ಸಭೆಯಲ್ಲಿ ಗಾಯಕರು ಮಾನಿಟರ್ ಹೆಚ್ಚಿಸಿ ಎನ್ನುತ್ತಾರೆ, ಮೃದಂಗದವರೂ ಅದನ್ನೇ ಕೇಳುತ್ತಾರೆ, ಅರ್ಧ ಗಂಟೆಯಲ್ಲಿ ಎಲ್ಲರ ನಾದವೂ ಏರಿ ಸೂಕ್ಷ್ಮವೆಲ್ಲ ಮುಳುಗುತ್ತದೆ. ನಮ್ಮ ಸಭೆಗಳು ಕಲಾವಿದರ ಸಂಭಾವನೆಗೂ ಶಾಲಿಗೂ ಹಾರಕ್ಕೂ ಯೋಚಿಸುವಷ್ಟನ್ನು ಧ್ವನಿವರ್ಧಕದ ಮುಂದೆ ಕೂರುವ ಮನುಷ್ಯನ ಬಗ್ಗೆ ಯೋಚಿಸಿದ್ದರೆ ನಮ್ಮ ಕಿವಿಗಳು ಇಂದು ಇನ್ನಷ್ಟು ಚೆನ್ನಾಗಿರುತ್ತಿದ್ದವು.

ಕರ್ನಾಟಕದ ಕೇಳುಗರಿಗೆ ಇನ್ನೊಂದು ಭಾಗ್ಯವಿದೆ, ಅದರ ಜೊತೆ ಒಂದು ತೊಡಕೂ ಇದೆ. ಎರಡು ಪದ್ಧತಿಗಳು ಒಂದೇ ಭಾಷೆಯ ಮನೆಯಲ್ಲಿವೆ. ಮೈಸೂರಿನ ರಸಿಕರು ಧಾರವಾಡಕ್ಕೆ ಬಂದರೆ ಎಳೀತಾರಪ್ಪಾ ಎನ್ನುತ್ತಾರೆ, ಧಾರವಾಡದವರು ಮೈಸೂರಿಗೆ ಹೋದರೆ ಓಡಸ್ತಾರಲ್ರೀ ಎನ್ನುತ್ತಾರೆ. ಎರಡೂ ವಿಮರ್ಶೆಯಲ್ಲ, ರೂಢಿಯ ಮಾತು. ಹೆಸರುಗಳೂ ದಾರಿ ತಪ್ಪಿಸುತ್ತವೆ. ಉತ್ತರದ ತೋಡಿ ನಮ್ಮ ಶುಭಪಂತುವರಾಳಿಗೆ ಹತ್ತಿರ, ನಮ್ಮ ತೋಡಿಯ ಸ್ವರಗಳು ಉತ್ತರದ ಭೈರವಿಯಲ್ಲಿವೆ. ಅಬ್ದುಲ್ ಕರೀಮ್ ಖಾನರು ಇದನ್ನು ದಾಟಲು ಯತ್ನಿಸಿದರು. ಕರ್ನಾಟಕ ಸಂಗೀತದ ಸ್ವರಪ್ರಸ್ತಾರದಿಂದ ಪ್ರಭಾವಿತರಾಗಿ ಸರಗಮ್ ಬೆಳೆಸಿಕೊಂಡರು, ತ್ಯಾಗರಾಜರ ಖರಹರಪ್ರಿಯ ಕೃತಿಯೊಂದನ್ನು ಹಾಡಿ ತಟ್ಟೆಗೂ ಕೊಟ್ಟರು. ಅದನ್ನು ಕರ್ನಾಟಕ ಸಂಗೀತದ ಕಟ್ಟಳೆಯಿಂದ ಅಳೆದರೆ ಗಮಕ ಸಾಲದು, ಸಾಹಿತ್ಯದ ಉಚ್ಚಾರ ಸಾಲದು. ಎರಡು ಮನೆಯ ನಡುವಿನ ಅಂಗಳದಲ್ಲಿ ನಿಂತ ಒಬ್ಬ ದೊಡ್ಡ ಕಲಾವಿದ ಇನ್ನೊಂದು ಮನೆಯ ಹಾಡನ್ನು ಎಷ್ಟು ಪ್ರೀತಿಯಿಂದ ಕೇಳಿಸಿಕೊಂಡಿದ್ದ ಎಂದು ಕೇಳಿದರೆ ತಟ್ಟೆ ಬೇರೆಯೇ ಮಾತಾಡುತ್ತದೆ.

ನಮ್ಮದೇ ಕಿವಿ ಮೋಸ ಹೋಗುವ ಬಗೆಗಳ ಬಗ್ಗೆ ಪಶ್ಚಿಮದವರು ಹೆಚ್ಚು ಪರೀಕ್ಷೆ ಮಾಡಿದ್ದಾರೆ. 2013ರಲ್ಲಿ ಚಿಯಾ ಜುಂಗ್ ತ್ಸೇ ಎಂಬ ಸಂಶೋಧಕಿ ಸಂಗೀತ ಸ್ಪರ್ಧೆಗಳ ತುಣುಕುಗಳನ್ನು ಜನರಿಗೆ ಕೊಟ್ಟು ಗೆದ್ದವರು ಯಾರು ಎಂದು ಊಹಿಸಲು ಹೇಳಿದರು. ಸದ್ದಿಲ್ಲದ ವಿಡಿಯೋ ನೋಡಿದವರು ಹಾಡು ಕೇಳಿದವರಿಗಿಂತ ಚೆನ್ನಾಗಿ ಊಹಿಸಿದರು. ಸಂಗೀತ ಬಲ್ಲವರ ಪಾಡೂ ಅದೇ ಆಯಿತು. ತೀರ್ಪು ಕಣ್ಣಿನಿಂದ ಬರುತ್ತಿದೆ ಎಂದಾಯಿತು. ಹೆಸರಿನಿಂದ ಬರುವುದೂ ಉಂಟು. ಇಂಗ್ಲೆಂಡಿನ ಜಾಯ್ಸ್ ಹ್ಯಾಟೊ ಎಂಬ ಪಿಯಾನೊ ವಾದಕಿಯ ಹೆಸರಿನಲ್ಲಿ ನೂರಕ್ಕೂ ಹೆಚ್ಚು ಸಿಡಿಗಳು ಬಂದವು. ಕಾಯಿಲೆಯೊಡನೆ ಹೋರಾಡುತ್ತ ಒಬ್ಬಾಕೆ ಇಷ್ಟೆಲ್ಲ ನುಡಿಸಿದಳಲ್ಲ ಎಂದು ವಿಮರ್ಶಕರು ಹಾಡಿ ಹೊಗಳಿದರು. 2007ರಲ್ಲಿ ಒಬ್ಬರು ಸಿಡಿಯನ್ನು ಕಂಪ್ಯೂಟರಿಗೆ ಹಾಕಿದಾಗ ಅದು ಬೇರೊಬ್ಬ ವಾದಕರ ಹೆಸರು ತೋರಿಸಿತು. ಬೇರೆಯವರ ಮುದ್ರಿಕೆಗಳನ್ನೇ ಆಕೆಯ ಹೆಸರಿನಲ್ಲಿ ಹೊರತಂದಿದ್ದರು. ನಮ್ಮಲ್ಲಿ ಘರಾಣೆಯ ಹೆಸರು, ಗುರುವಿನ ಹೆಸರು, ಪ್ರಶಸ್ತಿಯ ಪಟ್ಟಿ ಇದೇ ಕೆಲಸ ಮಾಡುತ್ತವೆ. ಯಾರು ಎಂದು ಹೇಳದೆ ಗೆಳೆಯರಿಗೆ ಒಂದು ಆಲಾಪ ಕೇಳಿಸಿ, ಏನನ್ನಿಸಿತು ಎಂದು ಬರೆಸಿ, ಆಮೇಲೆ ಹೆಸರು ಹೇಳುವ ಪದ್ಧತಿಯನ್ನು ನಾವು ಐದಾರು ಜನ ಇಟ್ಟುಕೊಂಡಿದ್ದೇವೆ. ಮೆಚ್ಚಿದ್ದು ಯಾರನ್ನು ಎಂದು ತಿಳಿದು ಬೆರಗಾದ ಸಂಜೆಗಳು ಬಹಳ.

ಧ್ವನಿಮುದ್ರಣದ ಬಗ್ಗೆ ಕಲಾವಿದರಲ್ಲೂ ಒಮ್ಮತವಿಲ್ಲ. ಕೆನಡಾದ ಗ್ಲೆನ್ ಗೂಲ್ಡ್ 1964ರಲ್ಲಿ ಸಾರ್ವಜನಿಕ ಕಛೇರಿಗಳನ್ನು ಬಿಟ್ಟು ಸ್ಟುಡಿಯೋವನ್ನೇ ತಮ್ಮ ವೇದಿಕೆ ಮಾಡಿಕೊಂಡರು, ಟೇಪು ಕತ್ತರಿಸಿ ಜೋಡಿಸುವುದೂ ಕಲೆ ಎಂದರು. ವಾದ್ಯವೃಂದ ನಿರ್ದೇಶಕ ಸೆರ್ಜು ಚೆಲಿಬಿಡಾಕೆ ತಟ್ಟೆ ಮಾಡುವುದಕ್ಕೇ ಬೆನ್ನು ತಿರುಗಿಸಿದರು. ನಮ್ಮ ಕೇಸರ್‌ಬಾಯಿ ಕೇರ್ಕರ್ ಕೂಡ ಧ್ವನಿಮುದ್ರಣ ಎಂದರೆ ಹಿಂಜರಿದವರು. ಆದರೂ 1977ರಲ್ಲಿ ವಾಯೇಜರ್ ನೌಕೆ ಹೊತ್ತೊಯ್ದ ಚಿನ್ನದ ತಟ್ಟೆಯಲ್ಲಿ ಭಾರತದ ದನಿಯಾಗಿ ಇರುವುದು ಅವರ ಮೂರೂವರೆ ನಿಮಿಷದ ಭೈರವಿ.

ಇಂದಿನ ಸ್ಟುಡಿಯೋ ಗೂಲ್ಡ್ ಕಂಡದ್ದನ್ನೂ ಮೀರಿದೆ. ಮೃದಂಗ ಒಂದು ದಿನ, ಪಿಟೀಲು ಇನ್ನೊಂದು ದಿನ, ಕಿವಿಯಲ್ಲಿ ಟಕ್ ಟಕ್ ಎನ್ನುವ ಲಯದ ಸದ್ದು, ಸ್ವಲ್ಪ ಇಳಿದ ಸ್ವರವನ್ನು ಏರಿಸುವ ತಂತ್ರಾಂಶ. ಇವನ್ನು ಕಿವಿಯಿಂದ ಹಿಡಿಯಬಹುದೇ? ಬಹಳ ಸಲ ಹಿಡಿಯಬಹುದು. ಉದ್ದದ ಸ್ವರಪ್ರಸ್ತಾರ ಮುಗಿದರೂ ಗಾಯಕರ ಉಸಿರಿನ ಸದ್ದು ಎಲ್ಲೂ ಬಾರದಿದ್ದರೆ, ಪಿಟೀಲಿನ ಉತ್ತರ ಗಾಯಕರ ಪ್ರಯೋಗಕ್ಕೆ ಸೊಪ್ಪು ಹಾಕದೆ ತನ್ನ ಪಾಡಿಗೆ ತಾನು ಹೋದರೆ, ಒಂದು ಗಂಟೆಯ ಕೊನೆಗೂ ಕಾಲಪ್ರಮಾಣ ಕೂದಲೆಳೆಯಷ್ಟೂ ಏರದಿದ್ದರೆ ಅಲ್ಲಿ ಯಂತ್ರದ ಕೈ ಇದೆ. ಇನ್ನು ಮೊಬೈಲಿನ ಪುಟ್ಟ ಸ್ಪೀಕರಿನಲ್ಲಿ ಕೇಳಿ ತೀರ್ಪು ಕೊಡುವವರಿಗೆ ಒಂದು ಲೆಕ್ಕ: ಕಾಳಿ ಒಂದರ ತಂಬೂರಿಯ ಖರಜ ಸುಮಾರು 69 ಹರ್ಟ್ಸ್, ಗಾಯಕರ ಮಧ್ಯ ಷಡ್ಜ ಸುಮಾರು 139 ಹರ್ಟ್ಸ್. ಆ ಸ್ಪೀಕರಿಗೆ ಇವೆರಡೂ ಸರಿಯಾಗಿ ಎಟುಕುವುದಿಲ್ಲ. ಮೃದಂಗದ ಎಡವೂ ಅಷ್ಟೇ. ನೂರಿನ್ನೂರು ರೂಪಾಯಿ ಹೆಚ್ಚು ಕೊಟ್ಟು ಒಳ್ಳೆಯ ಇಯರ್‌ಫೋನ್ ಕೊಳ್ಳಿ ಎಂದು ಶಿಷ್ಯರಿಗೆ ಹೇಳುತ್ತಲೇ ಇರುತ್ತೇನೆ.

ಸಂಗೀತವನ್ನು ಕೇಳುವುದರ ಬಗ್ಗೆ ನಮ್ಮ ನೆರೆಹೊರೆಯಲ್ಲಿ ಬಂದ ಬರವಣಿಗೆಯಲ್ಲಿ ವಾಮನರಾವ್ ದೇಶಪಾಂಡೆಯವರ ಮರಾಠಿ ಕೃತಿ 'ಘರಂದಾಜ್ ಗಾಯಕಿ' ನನಗೆ ಇಂದಿಗೂ ಹತ್ತಿರ. ಸ್ವರ ಒಂದು ತುದಿ, ಲಯ ಇನ್ನೊಂದು ತುದಿ ಎಂದಿಟ್ಟುಕೊಂಡು ಅವರು ಘರಾಣೆಗಳನ್ನು ನಡುವೆ ಹೊಂದಿಸುತ್ತಾರೆ. ಕಿರಾನಾ ಸ್ವರದ ಕಡೆ, ಆಗ್ರಾ ಲಯದ ಕಡೆ, ಜೈಪುರ್ ಎರಡರ ಹದದಲ್ಲಿ. ಹೊಸಬರ ಕಿವಿಗೆ ಇದು ಒಳ್ಳೆಯ ಊರುಗೋಲು. ಒಬ್ಬೊಬ್ಬ ಕಲಾವಿದರ ಹತ್ತಿರ ಹೋದಂತೆ ಊರುಗೋಲು ಕೆಳಗಿಡಬೇಕಾಗುತ್ತದೆ, ಭೀಮಸೇನರ ತಾನುಗಳನ್ನು ಕೇಳಿದವರು ಅವರನ್ನು ಸ್ವರದ ತುದಿಯಲ್ಲಿ ಕಟ್ಟಿಹಾಕಲಾರರು.

ಕನ್ನಡದ ಪತ್ರಿಕೆಗಳಲ್ಲಿ ಕಛೇರಿಯ ವರದಿಗಳು ಬರುವುದು ಕಡಿಮೆಯಾಗುತ್ತಿದೆ. ಬಂದವುಗಳಲ್ಲೂ ಹಾಡಿದ ರಚನೆಗಳ ಪಟ್ಟಿ, ಸುಶ್ರಾವ್ಯ, ಮನತಣಿಸಿದರು, ಕರತಾಡನ ಎಂಬ ಮಾತುಗಳು. ಇವನ್ನು ಓದಿ ಆ ಸಂಜೆ ಏನಾಯಿತೆಂದು ಯಾರಿಗೂ ತಿಳಿಯುವುದಿಲ್ಲ. ಎಲ್ಲಿ ಕೂತಿದ್ದೆ, ಮೈಕ್ ಹೇಗಿತ್ತು, ಶ್ರುತಿ ಎಷ್ಟು ಮನೆ, ಯಾವುದು ಕೇಳಿಸಿತು, ಯಾವುದು ಕೇಳಿಸಲಿಲ್ಲ ಎಂದು ಬರೆದರೆ ಅರ್ಧ ವಿಮರ್ಶೆ ಅಲ್ಲೇ ಆಗಿರುತ್ತದೆ. ಆ ಹಿರಿಯರ ಮನೆಯ ಸಂಜೆಯ ನಂತರ ನಾನು ಕಿಸೆಯಲ್ಲಿ ಒಂದು ಸಣ್ಣ ಪುಸ್ತಕ ಇಟ್ಟುಕೊಂಡೇ ಕಛೇರಿಗೆ ಹೋಗುತ್ತೇನೆ. ಕಳೆದ ವರ್ಷದ ಒಂದು ಪುಟದಲ್ಲಿ ಹೀಗಿದೆ: ಎಂಟನೆಯ ಸಾಲು, ಬಲಗಡೆಯ ಸ್ಪೀಕರಿಗೆ ತೀರ ಹತ್ತಿರ. ಗಾಯಕಿಯ ಶ್ರುತಿ ಐದೂವರೆ ಮನೆ. ಮೊದಲ ಅರ್ಧ ಗಂಟೆ ಮೃದಂಗ ಜೋರು, ಆಮೇಲೆ ಯಾರೋ ಎದ್ದು ಹೋಗಿ ಹೇಳಿ ಕಡಿಮೆ ಮಾಡಿಸಿದರು. ತೋಡಿ, ಇಪ್ಪತ್ತೆರಡು ನಿಮಿಷ ಆಲಾಪನೆ. ಮಂದ್ರದ ಧೈವತದ ಬಳಿ ಏನೋ ಹೊಸದು ಮಾಡಿದರು, ಪಿಟೀಲಿನವರು ತಲೆಯೆತ್ತಿ ನೋಡಿದರು. ಗಾಂಧಾರ ನನ್ನ ಜಾಗಕ್ಕೆ ಸರಿಯಾಗಿ ಕೇಳಲಿಲ್ಲ, ಅದರ ಬಗ್ಗೆ ಏನೂ ಬರೆಯಬಾರದು. ಮುದ್ರಿಸಿಕೊಂಡಿದ್ದಾರಂತೆ. ಸಿಕ್ಕರೆ ಇನ್ನೊಮ್ಮೆ ಕೇಳಬೇಕು.